ಎಚ್‌ಬಿಒ 100 ಪಾದರಸ ದೀಪ: 200 ಗಂಟೆ ದಾಟಿದ ಮೇಲೂ ಉರಿಸಬಹುದೇ? ಬದಲಿಸುವಾಗ ಏನು ನೋಡಿಕೊಳ್ಳಬೇಕು?

ನೀಲಿಫಿಲ್ಟರ್ (ಪ್ರಶ್ನೆ)

ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನ (ಬೆಳಕು ಬಿಟ್ಟು ಮಾದರಿಯಲ್ಲಿನ ಬಣ್ಣ ಹೊಳೆಯುವಂತೆ ಮಾಡಿ ನೋಡುವ ಯಂತ್ರ) 100 ವ್ಯಾಟ್ ಎಚ್‌ಬಿಒ ಶಾರ್ಟ್ ಆರ್ಕ್ ದೀಪದ ಬಗ್ಗೆ ಕೇಳುತ್ತಿದ್ದೇನೆ. ಡಬ್ಬಿಯ ಮೇಲೆ ಆಯಸ್ಸು 200 ಗಂಟೆ ಎಂದಿದೆ, ಪವರ್ ಸಪ್ಲೈ ಮೀಟರ್ 260 ತೋರಿಸುತ್ತಿದೆ. ದೀಪ ಇನ್ನೂ ಹೊತ್ತಿಕೊಳ್ಳುತ್ತದೆ, ಆದರೆ ಕೆಲವು ಸಲ ಎರಡನೇ ಪ್ರಯತ್ನಕ್ಕೆ. ಡಾಪಿ (ಡಿಎನ್ಎಗೆ ಅಂಟಿ ನೀಲಿಯಾಗಿ ಹೊಳೆಯುವ ಬಣ್ಣ) ಚಿತ್ರದಲ್ಲಿ ಬೆಳಕು ಮಿಣುಕುತ್ತದೆ, ಒಂದು ಬದಿ ಮಂಕು. ಬಲ್ಬಿನ ಗಾಜು ಬೂದು ಬಣ್ಣಕ್ಕೆ ತಿರುಗಿದೆ.

ಹೊತ್ತುವವರೆಗೂ ಉರಿಸಿದರೆ ತಪ್ಪೇನು? ಬದಲಿಸುವ ಸರಿಯಾದ ಕ್ರಮ ಯಾವುದು? ಇನ್ನೊಂದು: ಈ ಯಂತ್ರವನ್ನು ಹಲವರು ಬಳಸುತ್ತಾರೆ. ಒಬ್ಬರು ಮುಗಿಸಿ ಆರಿಸುತ್ತಾರೆ, ಹತ್ತು ನಿಮಿಷಕ್ಕೆ ಇನ್ನೊಬ್ಬರು ಬಂದು ಹೊತ್ತಿಸುತ್ತಾರೆ. ಇದಕ್ಕೆ ಏನು ನಿಯಮ ಹಾಕಬೇಕು?

---

ಆರ್ಕ್‌ಗ್ಯಾಪ್

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಇನ್ನು ಹೊತ್ತಿಸಬೇಡಿ. ಈಗ ಉರಿಯುತ್ತಿದ್ದರೆ ಆರಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು ಬದಲಿಸಿ. ನೀವು ಬರೆದ ನಾಲ್ಕೂ ಲಕ್ಷಣ (ತಡವಾಗಿ ಹೊತ್ತುವುದು, ಮಿಣುಕು, ಒಂದು ಬದಿ ಮಂಕು, ಬೂದು ಗಾಜು) ಹಳೆಯದಾದ ದೀಪದ್ದೇ.

ಕಾರಣ ತಿಳಿದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಕ್ವಾರ್ಟ್ಜ್ ಬಲ್ಬಿನೊಳಗೆ ಎರಡು ಟಂಗ್‌ಸ್ಟನ್ ಎಲೆಕ್ಟ್ರೋಡುಗಳಿವೆ, ನಡುವೆ ಸುಮಾರು 0.25 ಮಿಲಿಮೀಟರ್ ಸಂದಿ. ಆ ಸಂದಿಯಲ್ಲಿ ಉರಿಯುವ ವಿದ್ಯುತ್ ಜ್ವಾಲೆಯೇ ಆರ್ಕ್. ತಣ್ಣಗಿರುವಾಗ ಪಾದರಸ ಹನಿಯಾಗಿ ಗೋಡೆಗೆ ಅಂಟಿಕೊಂಡಿರುತ್ತದೆ, ಒಳಗಿನ ಒತ್ತಡ ಬಹಳ ಕಡಿಮೆ. ಹೊತ್ತಿಸಿದ ಮೇಲೆ ಪಾದರಸವೆಲ್ಲ ಆವಿಯಾಗಿ ಒತ್ತಡ ಹತ್ತಾರು ವಾಯುಭಾರಕ್ಕೆ ಏರುತ್ತದೆ. ಅಷ್ಟನ್ನೂ ತಡೆದು ನಿಲ್ಲಿಸುವುದು ತೆಳುವಾದ ಆ ಕ್ವಾರ್ಟ್ಜ್ ಗೋಡೆಯೊಂದೇ.

ಗಂಟೆಗಳು ಏರಿದಂತೆ ಎಲೆಕ್ಟ್ರೋಡಿನ ತುದಿ ಸವೆಯುತ್ತದೆ. ಅಲ್ಲಿಂದ ಎದ್ದ ಟಂಗ್‌ಸ್ಟನ್ ಗೋಡೆಯ ಒಳಮೈಗೆ ಪದರವಾಗಿ ಕೂರುತ್ತದೆ. ನಿಮಗೆ ಕಾಣುವ ಬೂದು ಬಣ್ಣ ಅದೇ. ಅದು ಬೆಳಕನ್ನು ತಡೆಯುವುದಷ್ಟೇ ಅಲ್ಲ, ಹೀರಿಕೊಳ್ಳುತ್ತದೆ. ಗೋಡೆಯ ಬಿಸಿ ಇನ್ನೂ ಏರುತ್ತದೆ, ಜೊತೆಗೆ ಒತ್ತಡವೂ. ಬಹಳ ಹೊತ್ತು ಬಿಸಿಯಲ್ಲಿದ್ದ ಕ್ವಾರ್ಟ್ಜ್ ಅಲ್ಲಲ್ಲಿ ಹರಳುಗಟ್ಟಿ ಬೆಳ್ಳಗಾಗುತ್ತದೆ, ಅಲ್ಲಿ ಬಲ ಕಳೆದುಕೊಳ್ಳುತ್ತದೆ. ಅಂದರೆ ಒತ್ತಡ ಏರುತ್ತಿರುವಾಗಲೇ ಗೋಡೆ ಸೋಲುತ್ತಿರುತ್ತದೆ. ದೀಪ ಚೆನ್ನಾಗಿ ಹೊತ್ತುತ್ತಿದೆ ಎಂಬುದು ಗೋಡೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇನ್ನು ಮಿಣುಕು. ತುದಿ ಮೊಂಡಾದಾಗ ಆರ್ಕ್ ಒಂದೇ ಜಾಗದಲ್ಲಿ ನಿಲ್ಲದೆ ಅಲೆದಾಡುತ್ತದೆ. ಆ ಹಂತದಲ್ಲಿ ಅಳತೆಗೆ ಬಳಸಿದ ಚಿತ್ರಗಳ ತೀವ್ರತೆಯನ್ನು ನಂಬುವ ಹಾಗಿಲ್ಲ. ಸುರಕ್ಷತೆ ಪಕ್ಕಕ್ಕಿಟ್ಟರೂ ದೀಪ ಉಳಿಸಿ ಡೇಟಾ ಕಳೆದುಕೊಳ್ಳುವ ವ್ಯವಹಾರ ಇದು.

ಮೀಟರ್ ಗಂಟೆಗಳನ್ನು ಎಣಿಸುತ್ತದೆಯೇ ಹೊರತು ಎಷ್ಟು ಸಲ ಹೊತ್ತಿಸಿದಿರಿ ಎಂಬುದನ್ನಲ್ಲ. ಪ್ರತಿ ಹೊತ್ತಿಸುವಿಕೆಯೂ ಎಲೆಕ್ಟ್ರೋಡಿನಿಂದ ಒಂದಷ್ಟು ಲೋಹವನ್ನು ಚಿಮ್ಮಿಸುತ್ತದೆ. ನಿಮ್ಮಲ್ಲಿ ನಡೆಯುತ್ತಿರುವಂತೆ ಆರಿಸಿ ಹೊತ್ತಿಸುವ ದೀಪ 200 ಗಂಟೆಗೂ ಮೊದಲೇ ಮುದಿಯಾಗುತ್ತದೆ. ಹಾಗಾಗಿ ಮೀಟರಿನ ಪಕ್ಕದಲ್ಲಿ ಒಂದು ದಾಖಲೆ ಪುಸ್ತಕ ಬೇಕೇ ಬೇಕು: ಹೊತ್ತಿಸಿದ ಸಮಯ, ಆರಿಸಿದ ಸಮಯ, ಮೀಟರ್ ಅಂಕಿ. ಎಚ್‌ಬಿಒ 103 ಹಾಕಿದ್ದರೆ ಮಿತಿ 300 ಗಂಟೆ. ಯಾವ ಮಾದರಿ ಹಾಕಿದ್ದೀರಿ ಎಂಬುದನ್ನೂ ಪುಸ್ತಕದ ಮೊದಲ ಸಾಲಿನಲ್ಲಿ ಬರೆಯಿರಿ, ಎರಡೂ ನೋಡಲು ಒಂದೇ ತರಹ.

---

ಹೌಸಿಂಗ್ಕೀಲಿ

ಬದಲಿಸುವ ಕ್ರಮ ನಾನು ಹೇಳುತ್ತೇನೆ. ಹೌಸಿಂಗ್ (ದೀಪ ಕೂರುವ ಲೋಹದ ಪೆಟ್ಟಿಗೆ) ಮಾದರಿಗೆ ತಕ್ಕಂತೆ ಸ್ಕ್ರೂಗಳ ಜಾಗ ಬೇರೆಯಾಗುತ್ತದೆ, ಉಳಿದದ್ದು ಎಲ್ಲಕ್ಕೂ ಒಂದೇ.

ದೀಪ ಆರಿಸಿ ಕನಿಷ್ಠ 30 ನಿಮಿಷ ಮುಟ್ಟಬೇಡಿ. ಒಂದು ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು, ಏಕೆಂದರೆ ಹೌಸಿಂಗಿನ ಒಳಗಿನ ಲೋಹ ಬಲ್ಬಿಗಿಂತ ನಿಧಾನವಾಗಿ ಆರುತ್ತದೆ. ಬೇಗ ಆರಲೆಂದು ಫ್ಯಾನ್ ಹಿಡಿಯಬೇಡಿ, ಮುಚ್ಚಳ ತೆರೆದಿಡಬೇಡಿ. ಪವರ್ ಸಪ್ಲೈಯ ಸ್ವಿಚ್ ಆರಿಸಿದರೆ ಸಾಲದು, ಗೋಡೆಯ ಪ್ಲಗ್ ಕೀಳಿ, ಆಮೇಲೆ ಹೌಸಿಂಗಿಗೆ ಹೋಗುವ ಕೇಬಲ್ ಬಿಚ್ಚಿ. ಉರಿಯುವಾಗ ಈ ದೀಪಕ್ಕೆ ಬೇಕಾಗುವುದು 20 ವೋಲ್ಟ್ ಆಸುಪಾಸು, 5 ಆಂಪಿಯರ್ ಹತ್ತಿರ. ಹೊತ್ತಿಸುವ ಕ್ಷಣದಲ್ಲಿ ಮಾತ್ರ ಹಲವು ಸಾವಿರ ವೋಲ್ಟಿನ ಪಲ್ಸ್ ಬರುತ್ತದೆ. ಕೈಗೆ ಹೊಡೆಯುವುದು ಅದು.

ಮುಖಕ್ಕೆ ಪೂರ್ತಿ ಮುಚ್ಚುವ ಫೇಸ್ ಶೀಲ್ಡ್, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಚೂಪು ಗಾಜು ತಡೆಯುವ ಗ್ಲೌಸ್. ಬರಿಯ ಕನ್ನಡಕ ಸಾಲದು.

ಹೌಸಿಂಗನ್ನು ಮೈಕ್ರೋಸ್ಕೋಪಿನಿಂದ ಬಿಡಿಸಿ ಮೇಜಿನ ಮೇಲೆ, ಕೆಳಗೆ ಅಂಚಿರುವ ಟ್ರೇ ಇಟ್ಟು ತೆರೆಯಿರಿ. ಹಳೆಯ ದೀಪದ ಮೇಲ್ತುದಿಗೆ ಬಾಗುವ ತಂತಿಯ ಕ್ಲಾಂಪ್ ಇರುತ್ತದೆ. ಮೊದಲು ಅದನ್ನು ಸಡಿಲಿಸಿ, ಆಮೇಲೆ ಕೆಳಗಿನ ಹಿಡಿತ. ದೀಪವನ್ನು ಲೋಹದ ಟೋಪಿಯಲ್ಲೇ ಹಿಡಿಯಬೇಕು. ಸ್ಕ್ರೂ ತಿರುಗಿಸುವಾಗ ಆ ತಿರುಚು ಕ್ವಾರ್ಟ್ಜಿಗೆ ಹೋಗದಂತೆ, ಸ್ಕ್ರೂ ಇರುವ ಕಡೆಯ ಟೋಪಿಯನ್ನೇ ಇನ್ನೊಂದು ಕೈಯಲ್ಲಿ ಹಿಡಿಯಿರಿ. ಬದಲಿಸುವಾಗ ಒಡೆಯುವ ದೀಪಗಳು ಹೆಚ್ಚಾಗಿ ಒಡೆಯುವುದು ಇಲ್ಲೇ.

ಹೊಸ ದೀಪದ ಎರಡು ತುದಿಗಳ ವ್ಯಾಸ ಬೇರೆ ಬೇರೆ. ಅದು ಧ್ರುವ ತಪ್ಪದಿರಲೆಂದೇ ಮಾಡಿದ್ದು. ಇದು ಡಿಸಿ ದೀಪ, ಆನೋಡ್ ಮತ್ತು ಕ್ಯಾಥೋಡ್ ಅದಲುಬದಲಾದರೆ ಕ್ಯಾಥೋಡಿನ ಚೂಪು ತುದಿ ಬಹುಬೇಗ ಕರಗಿ ಹಾಳಾಗುತ್ತದೆ. ತುದಿ ಕೂರದಿದ್ದರೆ ಒತ್ತಿ ತುರುಕಬೇಡಿ, ತಲೆಕೆಳಗಾಗಿದೆ ಎಂದರ್ಥ. ಕೆಳಗಿನ ಹಿಡಿತ ಬಿಗಿಯಾಗಿರಲಿ. ಮೇಲಿನದು ಬಾಗುವ ತಂತಿಯೊಂದಿಗೆ ಸಹಜವಾಗಿ ನಿಲ್ಲಬೇಕು, ದೀಪವನ್ನು ಯಾವ ಕಡೆಗೂ ಎಳೆಯಬಾರದು. ಬಿಸಿಯಾದಾಗ ದೀಪ ಉದ್ದಕ್ಕೆ ಹಿಗ್ಗುತ್ತದೆ. ಎರಡೂ ಕಡೆ ಜಡಿದಿಟ್ಟರೆ ಹಿಗ್ಗಲು ಜಾಗವಿಲ್ಲದೆ ಕುತ್ತಿಗೆಯಲ್ಲಿ ಸೀಳುತ್ತದೆ.

ಎಲ್ಲ ಕೂರಿಸಿದ ಮೇಲೆ, ಬೆರಳು ತಗಲಿರಲಿ ಬಿಡಲಿ, ನೂಲು ಬಿಡದ ಟಿಶ್ಯೂವಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬಲ್ಬನ್ನು ಒಮ್ಮೆ ಒರೆಸಿ, ಪೂರ್ತಿ ಆರಲು ಬಿಡಿ. ಬೆವರಿನ ಉಪ್ಪಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಇರುತ್ತದೆ. ಬಿಸಿಯಲ್ಲಿ ಅವು ಕ್ವಾರ್ಟ್ಜನ್ನು ಹರಳುಗಟ್ಟಿಸುತ್ತವೆ, ಬೆರಳಚ್ಚಿನ ಆಕಾರದಲ್ಲೇ ಬಿಳಿ ಕಲೆ ಏಳುತ್ತದೆ. ಆರ್ಕ್‌ಗ್ಯಾಪ್ ಹೇಳಿದ ಗೋಡೆ ಸೋಲುವ ಕೆಲಸ ಅಲ್ಲಿಂದಲೇ ಶುರು.

ಹಳೆಯ ದೀಪವನ್ನು ಹೊಸದರ ಡಬ್ಬಿಯಲ್ಲೇ ಹಾಕಿ, "ಬಳಸಿದ್ದು, ಪಾದರಸ" ಎಂದು ಬರೆದು ಅಪಾಯಕಾರಿ ತ್ಯಾಜ್ಯಕ್ಕೆ ಕೊಡಿ. ಕಸದ ಬುಟ್ಟಿಗೂ ಅಲ್ಲ, ಗಾಜಿನ ತ್ಯಾಜ್ಯದ ಡಬ್ಬಕ್ಕೂ ಅಲ್ಲ. ಮೀಟರನ್ನು ಸೊನ್ನೆಗೆ ತರುವುದನ್ನು ಮರೆಯುವವರೇ ಹೆಚ್ಚು.

---

ಶಟರ್

ಹಂಚಿಕೊಂಡು ಬಳಸುವ ಯಂತ್ರಕ್ಕೆ ಗೋಡೆಗೆ ಅಂಟಿಸಬೇಕಾದ್ದು ಎರಡೇ ಸಾಲು. ಹೊತ್ತಿಸಿದರೆ ಕನಿಷ್ಠ 30 ನಿಮಿಷ ಆರಿಸಬೇಡಿ. ಆರಿಸಿದರೆ ಕನಿಷ್ಠ 30 ನಿಮಿಷ ಹೊತ್ತಿಸಬೇಡಿ.

ಮೊದಲನೆಯದಕ್ಕೆ ಕಾರಣ: ಪಾದರಸ ಪೂರ್ತಿ ಆವಿಯಾಗುವ ಮುನ್ನ ಆರಿಸಿದರೆ ಅದು ಎಲೆಕ್ಟ್ರೋಡಿನ ಮೇಲೆಯೇ ಹನಿಗಟ್ಟಬಹುದು. ಮುಂದಿನ ಸಲ ಹೊತ್ತುವುದು ಕಷ್ಟ, ಹೊತ್ತಿದರೂ ಮಿಣುಕು. ಎರಡನೆಯದಕ್ಕೆ: ಬಿಸಿ ದೀಪದಲ್ಲಿ ಆವಿಯ ಒತ್ತಡ ಇನ್ನೂ ಹೆಚ್ಚಿರುತ್ತದೆ. ಅಷ್ಟು ದಟ್ಟ ಆವಿಯ ನಡುವೆ ಕಿಡಿ ಹಾಯಿಸಲು ಪವರ್ ಸಪ್ಲೈಯ ಪಲ್ಸ್ ಸಾಲದು. ಬಟನ್ ಒತ್ತುತ್ತಲೇ ಇದ್ದರೆ ಇಗ್ನಿಷನ್ ಸರ್ಕ್ಯೂಟ್ ಸುಡುತ್ತದೆ, ಹೊತ್ತಿದರೆ ಬಲ್ಬಿಗೇ ಅಪಾಯ.

ಹದಿನೈದು ನಿಮಿಷ ಸಾಕು ಎನ್ನುವ ಕೈಪಿಡಿಗಳೂ ಇವೆ. ಹಲವರು ಬಳಸುವ ಕಡೆ 30 ಎಂದೇ ಬರೆಯಿರಿ; ಹದಿನೈದು ಎಂದು ಬರೆದರೆ ಜನ ಎಂಟಕ್ಕೆ ಒತ್ತುತ್ತಾರೆ.

ಇದರಿಂದ ಬರುವ ವ್ಯವಸ್ಥೆ ಸರಳ. ಮುಂದಿನವರ ಸ್ಲಾಟ್ ಒಂದು ಗಂಟೆಯೊಳಗೆ ಇದ್ದರೆ ದೀಪ ಉರಿಯುತ್ತಲೇ ಇರಲಿ, ಬೆಳಕು ತಡೆಯುವ ಶಟರ್ ಮುಚ್ಚಿ. ಎರಡು ಗಂಟೆಗೂ ಮೇಲಿದ್ದರೆ ಆರಿಸಿ. ನಡುವಿನ ಅಂತರಕ್ಕೆ ನಾನು ಉರಿಯಲು ಬಿಡುವ ಕಡೆಗೇ ವಾಲುತ್ತೇನೆ. ಕೊನೆಯವರು ಆರಿಸಿ ಸಮಯ ಬರೆಯಬೇಕು. ಆರಿಸಿದ ತಕ್ಷಣ ಧೂಳಿನ ಹೊದಿಕೆ ಹಾಕುವ ಅಭ್ಯಾಸವಿದ್ದರೆ ಬಿಡಿಸಿ, ಪ್ಲಾಸ್ಟಿಕ್ ಹೊದಿಕೆ ಹೌಸಿಂಗಿಗೆ ಕರಗಿ ಅಂಟುತ್ತದೆ. ಹೌಸಿಂಗಿನ ಮೇಲಿನ ಗಾಳಿಕಂಡಿಗಳ ಮೇಲೆ ಕಾಗದ, ಪುಸ್ತಕ ಇಡುವುದೂ ಅಷ್ಟೇ ಕೆಟ್ಟದ್ದು.

ಇನ್ನೊಂದು ಯಾರೂ ಹೇಳದ ವಿಷಯ: ಹೊತ್ತಿಸುವ ಪಲ್ಸಿನಿಂದ ಏಳುವ ವಿದ್ಯುತ್ಕಾಂತೀಯ ಗದ್ದಲ ಪಕ್ಕದ ಕ್ಯಾಮೆರಾ, ಕಂಪ್ಯೂಟರ್, ಸ್ಟೇಜ್ ಕಂಟ್ರೋಲರನ್ನು ಕೆಡಿಸಬಲ್ಲದು. ದೀಪ ಮೊದಲು, ಉಳಿದದ್ದು ಆಮೇಲೆ. ಬೆಳಕು ಸ್ಥಿರವಾಗಲು 10ರಿಂದ 15 ನಿಮಿಷ ಬೇಕಾದ್ದರಿಂದ ಈ ಕ್ರಮದಲ್ಲಿ ಸಮಯವೇನೂ ವ್ಯರ್ಥವಾಗುವುದಿಲ್ಲ.

---

ನೀಲಿಫಿಲ್ಟರ್

ತುಂಬಾ ಉಪಯೋಗವಾಯಿತು. ಉಳಿದ ಸಂದೇಹಗಳು. ಹೊಸ ದೀಪದ ಒಳಗೆ ಸಣ್ಣ ಬೆಳ್ಳಿ ಹನಿಗಳು ಕಾಣುತ್ತಿವೆ, ಅದು ದೋಷವೇ? ಹಾಕಿದ ಮೇಲೆ ಆರ್ಕ್ ಹೊಂದಿಸುವುದು ಹೇಗೆ? ಮತ್ತು ಮುಖ್ಯವಾಗಿ, ಉರಿಯುವಾಗ ಒಡೆದರೆ ಏನು ಮಾಡಬೇಕು? ಕೋಣೆಯಲ್ಲಿ ಗಂಧಕದ ಪುಡಿಯ ಒಂದು ಡಬ್ಬ ಇದೆ, ಅದು ಸಾಕೇ?

---

ಆರ್ಕ್‌ಗ್ಯಾಪ್

ಹನಿಗಳು ಪಾದರಸ, ಇರಲೇಬೇಕು. ಹನಿ ಎಲೆಕ್ಟ್ರೋಡುಗಳ ನಡುವಿನ ಸಂದಿಯಲ್ಲೇ ಸಿಕ್ಕಿಕೊಂಡಿದ್ದರೆ ಮಾತ್ರ ತೊಂದರೆ. ಲೋಹದ ತುದಿ ಹಿಡಿದು ಮೆಲ್ಲಗೆ ವಾಲಿಸಿದರೆ ಜಾರುತ್ತದೆ, ಕುಲುಕಬೇಡಿ.

ಹೊಸ ದೀಪವನ್ನು ಮೊದಲ ಸಲ ಹೊತ್ತಿಸಿದಾಗ ನಡುವೆ ಆರಿಸದೆ ಎರಡು ಗಂಟೆ ಉರಿಸಿ. ಎಲೆಕ್ಟ್ರೋಡಿನ ತುದಿಯಲ್ಲಿ ಆರ್ಕ್‌ಗೆ ಒಂದು ಖಾಯಂ ನೆಲೆ ಸಿಗುತ್ತದೆ. ಮೊದಲ ದಿನವೇ ಹತ್ತು ನಿಮಿಷಕ್ಕೆ ಆರಿಸಿದ ದೀಪ ಕೊನೆಯವರೆಗೂ ಕಾಡಬಹುದು.

ಹೊಂದಿಸುವಾಗ ಹೌಸಿಂಗನ್ನು ಎಂದೂ ತೆರೆಯುವಂತಿಲ್ಲ, ಎಲ್ಲ ಸ್ಕ್ರೂಗಳೂ ಹೊರಗಿವೆ. ಒಂದು ಆಬ್ಜೆಕ್ಟಿವ್ (ಮಾದರಿಯ ಹತ್ತಿರದ ಲೆನ್ಸ್) ತೆಗೆದು ಆ ಖಾಲಿ ಜಾಗದ ಕೆಳಗೆ ಸ್ಟೇಜಿನ ಮೇಲೆ ಬಿಳಿ ಕಾಗದ ಇಡಿ. ಹಸಿರು ಎಕ್ಸೈಟೇಷನ್ ಫಿಲ್ಟರ್ (ದೀಪದ ಬೆಳಕಿನಲ್ಲಿ ಹಸಿರನ್ನಷ್ಟೇ ಬಿಡುವುದು) ಹಾಕಿ, 546 ನ್ಯಾನೋಮೀಟರಿನ ಗೆರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಡಾಪಿ ಫಿಲ್ಟರಿನಲ್ಲಿ ಈ ಕೆಲಸ ಮಾಡಬೇಡಿ: ಕಾಗದದಿಂದ ಚದುರುವ 365 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಒಳ್ಳೆಯದೂ ಅಲ್ಲ. ದೀಪದ ಮುಂದಿನ ಕಲೆಕ್ಟರ್ ಲೆನ್ಸ್ ಹೊಂದಿಸುವ ಗುಂಡಿ ತಿರುಗಿಸಿ ಆರ್ಕ್‌ನ ಬಿಂಬವನ್ನು ಚೂಪು ಮಾಡಿ. ಎರಡು ಬಿಂಬ ಕಾಣುತ್ತವೆ, ಒಂದು ನೇರ, ಇನ್ನೊಂದು ಹಿಂದಿನ ಕನ್ನಡಿಯದು. ಎರಡನ್ನೂ ಪಕ್ಕಪಕ್ಕ ತಂದು ನಡುವಿಗೆ ಸರಿಸಿ. ಒಂದರ ಮೇಲೊಂದು ಕೂರಿಸಬೇಡಿ; ಹಾಗೆ ಮಾಡಿದರೆ ಕನ್ನಡಿಯ ಬೆಳಕು ಮರಳಿ ಆರ್ಕ್ ಮತ್ತು ಎಲೆಕ್ಟ್ರೋಡಿನ ಮೇಲೇ ಬಿದ್ದು ಬಿಸಿ ಏರಿಸುತ್ತದೆ. ಕೊನೆಗೆ ಕಲೆಕ್ಟರನ್ನು ಸ್ವಲ್ಪ ಹಿಂದೆ ಸರಿಸಿ, ಬೆಳಕು ಇಡೀ ಕ್ಷೇತ್ರಕ್ಕೆ ಸಮವಾಗಿ ಹರಡುವವರೆಗೆ.

ಒಡೆಯುವ ವಿಷಯ ಬೇರೆಯವರು ಹೇಳಲಿ.

---

ಹನಿಪಾದರಸ

ಉರಿಯುವಾಗ ಒಡೆದರೆ ಜೋರು ಸದ್ದಾಗುತ್ತದೆ. ಚೂರುಗಳು ಬಹುಪಾಲು ಹೌಸಿಂಗಿನೊಳಗೇ ನಿಲ್ಲುತ್ತವೆ, ಅದಕ್ಕೇ ಅಷ್ಟು ದಪ್ಪ ಲೋಹ. ಆವಿ ನಿಲ್ಲುವುದಿಲ್ಲ, ಗಾಳಿಕಂಡಿಗಳಿಂದ ಹೊರಬರುತ್ತದೆ. ಆ ಕ್ಷಣದಲ್ಲಿ ಪಾದರಸವೆಲ್ಲ ಆವಿಯ ರೂಪದಲ್ಲೇ ಇರುವುದರಿಂದ, ತಣ್ಣನೆಯ ದೀಪ ಕೈತಪ್ಪಿ ಬಿದ್ದು ಒಡೆಯುವುದಕ್ಕಿಂತ ಇದು ಎಷ್ಟೋ ಕೆಟ್ಟದ್ದು. ಬಣ್ಣವಿಲ್ಲ, ವಾಸನೆಯಿಲ್ಲ, "ಏನೂ ಆಗಿಲ್ಲ" ಎಂದು ಅಲ್ಲೇ ನಿಂತು ನೋಡುವುದೇ ತಪ್ಪು.

ಉಸಿರು ಬಿಗಿಹಿಡಿದು ಹೊರಗೆ ನಡೆಯಿರಿ, ಎಲ್ಲರನ್ನೂ ಕರೆದುಕೊಂಡು. ದಾರಿಯಲ್ಲೇ ಕೈಗೆಟುಕಿದರೆ ಮುಖ್ಯ ಸ್ವಿಚ್ ಆರಿಸಿ, ಇಲ್ಲದಿದ್ದರೆ ಅದಕ್ಕಾಗಿ ನಿಲ್ಲಬೇಡಿ. ಒಳಬಾಗಿಲು ಮುಚ್ಚಿ. ಹೊರಗೆ ತೆರೆಯುವ ಕಿಟಕಿ ಅಥವಾ ಹೊರಕ್ಕೆ ಎಳೆಯುವ ಎಗ್ಸಾಸ್ಟ್ ಇದ್ದರೆ ಚಾಲೂ ಇರಲಿ. ಒಂದೇ ಗಾಳಿಯನ್ನು ಬೇರೆ ಕೋಣೆಗಳಿಗೂ ಸುತ್ತಿಸುವ ಎಸಿ ಇದ್ದರೆ ನಿಲ್ಲಿಸಿ. ಕನಿಷ್ಠ 30 ನಿಮಿಷ ಯಾರೂ ಒಳಗೆ ಹೋಗಬಾರದು. ಸುರಕ್ಷತಾ ಅಧಿಕಾರಿ ಇದ್ದರೆ ಈ ಹೊತ್ತಿನಲ್ಲೇ ತಿಳಿಸಿ, ಪಾದರಸ ಅಳೆಯುವ ಉಪಕರಣ ತರಿಸಬಹುದಾದರೆ ಇನ್ನೂ ಒಳ್ಳೆಯದು.

ಏಕಿಷ್ಟು ಎಚ್ಚರ ಎಂದರೆ ಅಂಕಿಗಳನ್ನು ನೋಡಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವ ಪಾದರಸದ ಮೇಲಿನ ಗಾಳಿ ತುಂಬಿಕೊಳ್ಳಬಲ್ಲ ಆವಿ ಘನ ಮೀಟರಿಗೆ ಸುಮಾರು 13 ಮಿಲಿಗ್ರಾಂ. ಎಂಟು ಗಂಟೆಯ ಕೆಲಸದ ಜಾಗಕ್ಕೆ ಎಸಿಜಿಐಎಚ್ (ಕೆಲಸದ ಜಾಗದ ಆರೋಗ್ಯ ಮಿತಿಗಳನ್ನು ಸೂಚಿಸುವ ಅಮೆರಿಕದ ಸಂಸ್ಥೆ) ಇಟ್ಟಿರುವ ಮಿತಿ 0.025 ಮಿಲಿಗ್ರಾಂ. ಅಂದರೆ ಐನೂರು ಪಟ್ಟಿಗೂ ಹೆಚ್ಚು. ಒಂದು ದೀಪದ ಪಾದರಸ ಇಡೀ ಕೋಣೆಯನ್ನು ಆ ಮಟ್ಟಕ್ಕೆ ತುಂಬುವುದಿಲ್ಲ, ಆದರೆ ಮೇಜಿನ ಸಂದಿಯಲ್ಲಿ ಉಳಿದ ಹನಿಗಳು ತಿಂಗಳುಗಟ್ಟಲೆ ಆವಿ ಬಿಡುತ್ತಲೇ ಇರುತ್ತವೆ.

ಸ್ವಚ್ಛತೆಗೆ ಹೋಗುವಾಗ ಚಿನ್ನದ ಉಂಗುರ, ಬಳೆ, ಸರ ಕಳಚಿ, ಪಾದರಸ ಚಿನ್ನವನ್ನು ಹಿಡಿಯುತ್ತದೆ. ನೈಟ್ರೈಲ್ ಗ್ಲೌಸ್ ಎರಡು ಪದರ, ಪಾದರಸದ ಆವಿಗೆಂದೇ ಇರುವ ಕಾರ್ಟ್ರಿಜ್‌ನ ಉಸಿರಾಟದ ಮಾಸ್ಕ್. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಚೂರುಗಳನ್ನು ಚಿಮಟದಲ್ಲಿ, ಹನಿಗಳನ್ನು ಗಟ್ಟಿ ಕಾಗದದಿಂದ ಒಟ್ಟು ಸೇರಿಸಿ ಡ್ರಾಪರಿನಲ್ಲಿ, ಕಣ್ಣಿಗೆ ಕಂಡೂ ಕಾಣದ ಹನಿಗಳನ್ನು ಅಂಟುಪಟ್ಟಿಯಲ್ಲಿ ಎತ್ತಿ. ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದರೆ ಉಳಿದ ಹನಿಗಳು ಮಿನುಗುತ್ತವೆ. ಎಲ್ಲವೂ ಗ್ಲೌಸ್ ಸಮೇತ ಭದ್ರ ಮುಚ್ಚಳದ ಡಬ್ಬಕ್ಕೆ.

ವ್ಯಾಕ್ಯೂಮ್ ಕ್ಲೀನರ್ ಮುಟ್ಟಲೇಬೇಡಿ: ಪಾದರಸವನ್ನು ಬಿಸಿ ಮಾಡಿ ಹಿಂದಿನಿಂದ ಆವಿಯಾಗಿ ಊದುತ್ತದೆ, ಯಂತ್ರವೂ ಶಾಶ್ವತವಾಗಿ ಕೆಡುತ್ತದೆ. ಪೊರಕೆ ಹನಿಯನ್ನು ಇನ್ನಷ್ಟು ಹನಿ ಮಾಡುತ್ತದೆ. ಸಿಂಕಿಗೆ ತೊಳೆಯಬೇಡಿ.

ಗಂಧಕದ ಪುಡಿ ಇರಲಿ, ಆದರೆ ಅದನ್ನೇ ನಂಬಬೇಡಿ. ಮಾಮೂಲಿ ತಾಪದಲ್ಲಿ ಅದು ನಿಧಾನವಾಗಿ ಕೆಲಸ ಮಾಡುತ್ತದೆ, ಹನಿಯ ಮೇಲ್ಮೈಯಲ್ಲಿ ಸಲ್ಫೈಡಿನ ಪೊರೆ ಕಟ್ಟುವುದರಲ್ಲೇ ನಿಲ್ಲುತ್ತದೆ. ಎತ್ತಲಾಗದ ಬಿರುಕುಗಳಿಗೆ ಅದು ಸರಿ. ಸತುವಿನ ಪುಡಿ ಇರುವ ಪಾದರಸ ಸ್ಪಿಲ್ ಕಿಟ್ ತರಿಸಿಡಿ, ಅದು ಪಾದರಸದೊಂದಿಗೆ ಬೆರೆತು ಅಮಾಲ್ಗಮ್ (ಪಾದರಸದ ಮಿಶ್ರಲೋಹ) ಆಗಿ ಬೇಗ ಹಿಡಿಯುತ್ತದೆ.

ಹೌಸಿಂಗನ್ನು ಮಾತ್ರ ಎಗ್ಸಾಸ್ಟ್ ಹುಡ್‌ನೊಳಗೇ ತೆರೆಯಿರಿ. ಆವಿ ತಣಿದು ಕನ್ನಡಿ, ಲೆನ್ಸ್, ಅಲ್ಯೂಮಿನಿಯಂ ಗೋಡೆಗಳ ಮೇಲೆ ಕೂತಿರುತ್ತದೆ. ಪಾದರಸ ಅಲ್ಯೂಮಿನಿಯಂನ ರಕ್ಷಣಾ ಪದರವನ್ನು ಮುರಿದು ಕೊರೆಯುತ್ತಾ ಹೋಗುತ್ತದೆ. ಒಳಗೆ ಒಡೆದ ಹೌಸಿಂಗನ್ನು ಒರೆಸಿ ಮತ್ತೆ ಬಳಸುವುದಕ್ಕಿಂತ ತಯಾರಕರ ಸರ್ವೀಸ್‌ನವರಿಗೆ ಕೇಳಿ ನಿರ್ಧರಿಸುವುದು ಲೇಸು. ಹಾಗೇ ಹೊತ್ತಿಸಿದರೆ ಅಂಟಿಕೊಂಡದ್ದೆಲ್ಲ ಮತ್ತೆ ಆವಿಯಾಗುತ್ತದೆ.

---

ಕ್ವಾರ್ಟ್ಜ್‌ಗೋಡೆ

ಎರಡು ಸೇರ್ಪಡೆ.

ಮೇಲೆ ಹೇಳಿದ "ತಣ್ಣಗಿರುವಾಗ ಒತ್ತಡ ಕಡಿಮೆ" ಎಂಬ ಮಾತು ಪಾದರಸ ದೀಪಕ್ಕೆ ಮಾತ್ರ. ಪಕ್ಕದಲ್ಲೇ ಎಕ್ಸ್‌ಬಿಒ ಕ್ಸೆನಾನ್ ದೀಪವಿದ್ದರೆ ಅದೇ ಧೈರ್ಯದಲ್ಲಿ ಮುಟ್ಟಬೇಡಿ. ಕ್ಸೆನಾನ್ ಅನಿಲವಾಗಿಯೇ ತುಂಬಿರುವುದರಿಂದ ತಣ್ಣಗಿದ್ದಾಗಲೂ ಹಲವು ವಾಯುಭಾರದ ಒತ್ತಡ ಇರುತ್ತದೆ, ಡಬ್ಬಿಯಿಂದ ತೆಗೆಯುವಾಗಲೇ ಸಿಡಿಯಬಲ್ಲದು. ಅದರ ಪ್ಲಾಸ್ಟಿಕ್ ಕವಚವನ್ನು ದೀಪ ಕೂರಿಸುವ ಹಂತದವರೆಗೂ ತೆಗೆಯಬಾರದು. ಪಾದರಸ ಮತ್ತು ಕ್ಸೆನಾನ್ ಎರಡೂ ಇರುವ ದೀಪಗಳೂ ಇವೆ, ಅವನ್ನು ಕ್ಸೆನಾನ್ ಎಂದೇ ಎಣಿಸಿ.

ಇನ್ನೊಂದು ಕಣ್ಣು. ಹೌಸಿಂಗ್ ತೆರೆದರೆ ದೀಪ ಆರುವ ಇಂಟರ್‌ಲಾಕ್ ಸ್ವಿಚ್ಚನ್ನು ಟೇಪ್ ಹಾಕಿ ಒತ್ತಿಟ್ಟಿರುವುದು ಹಲವು ಕಡೆ ಕಾಣುತ್ತದೆ. ಅದನ್ನು ಕಂಡ ದಿನವೇ ತೆಗೆಸಿ. ಅತಿನೇರಳೆ ಕಿರಣದಿಂದ ಕಣ್ಣಿನ ಮೇಲ್ಪದರ ಸುಟ್ಟರೆ ಆಗಲೇ ಗೊತ್ತಾಗುವುದಿಲ್ಲ. ಆರೇಳು ಗಂಟೆ ಕಳೆದು, ಹೆಚ್ಚಾಗಿ ರಾತ್ರಿ, ಮರಳು ಬಿದ್ದಂತೆ ಉರಿ, ನೀರು, ಬೆಳಕು ನೋಡಲಾಗದ ಸ್ಥಿತಿ. ಹಾಗಾದರೆ ಉಜ್ಜಬೇಡಿ, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಸ್ಟೇಜಿನ ಮುಂದಿನ ಕಿತ್ತಳೆ ಬಣ್ಣದ ಶೀಲ್ಡ್ ಅಲಂಕಾರಕ್ಕಲ್ಲ. ಫಿಲ್ಟರ್ ಕ್ಯೂಬ್ (ಫಿಲ್ಟರುಗಳನ್ನು ಕೂರಿಸಿದ ಚಿಕ್ಕ ಪೆಟ್ಟಿಗೆ) ಇಲ್ಲದ ಖಾಲಿ ಸ್ಥಾನಕ್ಕೆ, ಅವನ್ನು ಹೊತ್ತ ಟರೆಟ್ ಚಕ್ರ ತಿರುಗಿಸಿ ಐಪೀಸಿನಲ್ಲಿ ಇಣುಕುವುದನ್ನೂ ನಿಷೇಧಿಸಿ, ಆ ಸ್ಥಾನಗಳಿಗೆ ಮುಚ್ಚಳ ಸಿಗುತ್ತದೆ.

ಹೊತ್ತಿಸಿದ ಹೊಸತರಲ್ಲಿ ತೀಕ್ಷ್ಣ ವಾಸನೆ ಬಂದರೆ ಅದು ಓಝೋನ್, 240 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಕಿರಣ ಗಾಳಿಯ ಆಮ್ಲಜನಕದಿಂದ ಮಾಡಿದ್ದು. ಕಿಟಕಿ ತೆರೆದಿಡಿ. ಕಿಟಕಿಯಿಲ್ಲದ ಚಿಕ್ಕ ಕೋಣೆಯಲ್ಲಿ ವಾಸನೆ ಗಂಟೆಗಟ್ಟಲೆ ಉಳಿಯುತ್ತಿದ್ದರೆ ಎಗ್ಸಾಸ್ಟ್ ಬೇಕು.

---

ನೀಲಿಫಿಲ್ಟರ್

ದೀಪ ಬದಲಿಸಿ ಎರಡು ಗಂಟೆ ಉರಿಸಿದ್ದಾಯಿತು. ಮಂಕು ಹೋಗಿದೆ, ಆದರೆ ಆಗೊಮ್ಮೆ ಈಗೊಮ್ಮೆ ಚಿಕ್ಕ ಮಿಣುಕು ಉಳಿದಿದೆ. ದೀಪ ಕೆಟ್ಟದ್ದೇ?

---

ಹೌಸಿಂಗ್ಕೀಲಿ

ದೀಪವನ್ನು ಬೈಯುವ ಮೊದಲು ಸಂಪರ್ಕ ನೋಡಿ. 5 ಆಂಪಿಯರ್ ಹರಿಯುವ ಕಡೆ ಕ್ಲಾಂಪ್ ಸ್ವಲ್ಪ ಸಡಿಲವಿದ್ದರೂ ಅಲ್ಲಿ ಬಿಸಿಯಾಗಿ ಆಕ್ಸೈಡ್ ಕಟ್ಟುತ್ತದೆ, ಆಕ್ಸೈಡಿನಿಂದ ಇನ್ನೂ ಬಿಸಿ. ಆರಿಸಿ, ತಣಿಸಿ, ಪ್ಲಗ್ ಕಿತ್ತು ತೆರೆದು ನೋಡಿ: ಕ್ಲಾಂಪಿನ ಒಳಮೈ ಕಪ್ಪಾಗಿದ್ದರೆ ಅಥವಾ ನೀಲಿ ಛಾಯೆ ಬಂದಿದ್ದರೆ ಕಾರಣ ಅದೇ. ದೀಪ ಹೊರತೆಗೆದು ನುಣ್ಣನೆಯ ಎಮರಿ ಕಾಗದದಿಂದ ಉಜ್ಜಿ, ಪುಡಿಯನ್ನು ಆಲ್ಕೋಹಾಲಿನಲ್ಲಿ ಒರೆಸಿ. ಗುಳಿ ಬಿದ್ದಿದ್ದರೆ ಕ್ಲಾಂಪನ್ನೇ ಬದಲಿಸಬೇಕು, ಉಜ್ಜಿದರೆ ಮತ್ತೆ ಸುಡುತ್ತದೆ.

ಅದು ಸರಿಯಿದ್ದರೆ ಎಸಿಯ ಗಾಳಿ ನೇರ ಹೌಸಿಂಗಿಗೆ ಬೀಸುತ್ತಿದೆಯೇ ನೋಡಿ. ಅದೂ ಅಲ್ಲವಾದರೆ ಇನ್ನೂ ಎರಡು ಮೂರು ಸಲ ದೀರ್ಘವಾಗಿ ಉರಿಸಿ. ಹತ್ತು ಗಂಟೆ ದಾಟಿದ ಮೇಲೂ ಮಿಣುಕು ಇದ್ದರೆ ಮಾರಿದವರಿಗೆ ಮರಳಿಸಿ. ಅದಕ್ಕೆ ಮೀಟರಿನ ಅಂಕಿ ಕೇಳುತ್ತಾರೆ. ಸೊನ್ನೆ ಮಾಡಿದ್ದೀರಿ ತಾನೆ?

---

ನೀಲಿಫಿಲ್ಟರ್

ಈಗ ಮಾಡಿದೆ. ಮೇಲಿನ ಕ್ಲಾಂಪ್ ಒಳಗೆ ಕಪ್ಪಾಗಿತ್ತು, ಗುಳಿಯೂ ಇದೆ. ಹೊಸದು ಬರುವವರೆಗೆ ಯಂತ್ರಕ್ಕೆ "ಹೊತ್ತಿಸಬೇಡಿ" ಎಂದು ಚೀಟಿ ಅಂಟಿಸಿ ಪ್ಲಗ್ ಕಿತ್ತಿಟ್ಟಿದ್ದೇನೆ.